ಎಲ್ಲ ಯಂತ್ರಕ್ಕೂ ಕೈತುಂಬ ಕೆಲಸ, ಮಾಲು ಮಾತ್ರ ತಡ: ಒಂದು ಫ್ಲೇಂಜ್ ಘಟಕದ ಪ್ರಕರಣ ಅಧ್ಯಯನ

10 ದಿನಕ್ಕೆ ಕೊಡುತ್ತೇವೆಂದು ಒಪ್ಪಿಕೊಂಡ ಮಾಲು 20 ದಿನವಾದರೂ ಹೊರಡುವುದಿಲ್ಲ. ಒಳಗೆ ಹೋಗಿ ನೋಡಿದರೆ ಒಬ್ಬರೂ ಕೈಕಟ್ಟಿ ಕೂತಿಲ್ಲ. ಲೇತ್‌ಗಳು ಓಡುತ್ತಿವೆ, ಟ್ರಾಲಿಗಳು ತುಂಬಿವೆ, ನಡೆದಾಡುವ ದಾರಿಯಲ್ಲೂ ಅರ್ಧ ಮುಗಿದ ಜಾಬುಗಳು (ಯಂತ್ರಕ್ಕೆ ಏರಿಸುವ ಬಿಡಿಭಾಗಗಳು) ಪೇರಿಸಿವೆ. ಇಷ್ಟೆಲ್ಲ ಕೆಲಸ ನಡೆಯುತ್ತಿದ್ದರೂ ಮಾಲು ಯಾಕೆ ಹೊರಡುತ್ತಿಲ್ಲ? ಕಾರ್ಯಾಚರಣೆ ನಿರ್ವಹಣೆಯ ಮೂಲ ಪರಿಕಲ್ಪನೆಗಳೆಲ್ಲ ಈ ಒಂದು ಪ್ರಶ್ನೆಯ ಹಿಂದೆ ಸಾಲಾಗಿ ಬರುತ್ತವೆ. ಅದಕ್ಕೇ ಈ ಪ್ರಕರಣ.

ಇದು ಕಲಿಕೆಗಾಗಿ ಕಟ್ಟಿದ ಪ್ರಕರಣ. ಘಟಕಕ್ಕೆ ಹೆಸರಿಲ್ಲ, ಅಂಕಿಗಳನ್ನು ಕೈಲೆಕ್ಕಕ್ಕೆ ಸಿಗುವಂತೆ ದುಂಡಗೆ ಇಟ್ಟಿದ್ದೇವೆ. ಯಂತ್ರಗಳ ನಡವಳಿಕೆ, ಟ್ಯಾಪ್ (ತೂತಿನೊಳಗೆ ಸ್ಕ್ರೂ ಕೂರುವ ದಾರ ಕೊರೆಯುವ ಉಪಕರಣ) ಮುರಿಯುವ ಕಾರಣ, ಸರತಿ ಬೆಳೆಯುವ ರೀತಿ ಮಾತ್ರ ಯಾವ ಯಂತ್ರಶಾಲೆಯಲ್ಲಾದರೂ ಕಾಣುವಂಥವೇ. ಕಾಗದ, ಪೆನ್ಸಿಲ್ ಹಿಡಿದು ಲೆಕ್ಕವನ್ನು ಜೊತೆಜೊತೆಗೇ ಮಾಡುತ್ತ ಓದಿದರೆ ಒಳ್ಳೆಯದು.

ಘಟಕದ ಚಿತ್ರ

ಇಲ್ಲಿ ಉಕ್ಕಿನ ಬಿಲ್ಲೆಗಳಿಂದ ಬೇರಿಂಗ್ ಕೂರಿಸುವ ಫ್ಲೇಂಜ್ (ನಡುವೆ ತೂತಿರುವ, ಬಿಲ್ಲೆಯಂಥ ಭಾಗ) ತಯಾರಾಗುತ್ತದೆ. ಎ, ಬಿ, ಸಿ, ಡಿ ಎಂಬ 4 ಮಾದರಿಗಳಿವೆ. ಬೇಡಿಕೆ ದಿನಕ್ಕೆ 100: ಎ 50, ಬಿ 25, ಸಿ 15, ಡಿ 10. ಒಂದೇ ಶಿಫ್ಟ್, 480 ನಿಮಿಷ. ಊಟ, ವಿರಾಮ, ಸ್ವಚ್ಛತೆಗೆ 60 ನಿಮಿಷ ಕಳೆದರೆ ಕೆಲಸಕ್ಕೆ ಸಿಗುವುದು 420 ನಿಮಿಷ. ಅಂದರೆ ಪ್ರತಿ 4.2 ನಿಮಿಷಕ್ಕೆ ಒಂದು ಒಳ್ಳೆಯ ಫ್ಲೇಂಜ್ ಹೊರಬಿದ್ದರೆ ಬೇಡಿಕೆ ತೀರುತ್ತದೆ. ಈ 4.2 ನಿಮಿಷವೇ ಟ್ಯಾಕ್ಟ್ ಸಮಯ. ಯಂತ್ರ ಎಷ್ಟು ವೇಗವಾಗಿ ಮಾಡಬಲ್ಲದು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಗಿರಾಕಿ ಬೇಡುವ ವೇಗ. ಎರಡನ್ನೂ ಒಂದೇ ಎಂದುಕೊಂಡಲ್ಲೇ ಅನೇಕ ಲೆಕ್ಕಗಳು ತಪ್ಪುತ್ತವೆ.

ಜಾಬು ಹಾದುಹೋಗುವ ಹಂತಗಳು 5:

- ಟರ್ನಿಂಗ್: ಜಾಬನ್ನು ತಿರುಗಿಸುತ್ತ ಕಡೆಯುವ 2 ಸಿಎನ್‌ಸಿ (ಗಣಕಚಾಲಿತ) ಲೇತ್, ಒಂದೊಂದರಲ್ಲಿ ಜಾಬಿಗೆ 6 ನಿಮಿಷ. ಎರಡೂ ಸೇರಿ ದಿನಕ್ಕೆ 140, ಸೆಟ್ಟಿಂಗ್ (ಮಾದರಿ ಬದಲಿಸುವಾಗ ಯಂತ್ರ ಹೊಂದಿಸುವ ಸಮಯ) ಕಳೆದು 130.
- ಡ್ರಿಲ್ಲಿಂಗ್ ಮತ್ತು ಟ್ಯಾಪಿಂಗ್: 1 ವಿಎಂಸಿ (ತೂತು, ದಾರ ಕೊರೆಯುವ ಗಣಕಚಾಲಿತ ಯಂತ್ರ), ಜಾಬಿಗೆ 3.5 ನಿಮಿಷ. ನಿಲ್ಲದೆ ಓಡಿದರೆ 120.
- ಬರ್ (ಅಂಚಿನಲ್ಲಿ ಉಳಿದ ಚೂಪು ಲೋಹ) ತೆಗೆದು ತೊಳೆಯುವುದು: 2 ಜನ, ಜಾಬಿಗೆ 5 ನಿಮಿಷ. ದಿನಕ್ಕೆ 168.
- ಪೇಂಟ್ ಮತ್ತು ಓವನ್: ಒಂದು ಸಲಕ್ಕೆ 24 ಜಾಬು, 60 ನಿಮಿಷ. ದಿನಕ್ಕೆ 168.
- ತಪಾಸಣೆ, ಪ್ಯಾಕಿಂಗ್: ಜಾಬಿಗೆ 2.8 ನಿಮಿಷ. ದಿನಕ್ಕೆ 150.

ಕಾಗದದ ಮೇಲೆ ಎಲ್ಲ ಹಂತಕ್ಕೂ 100ಕ್ಕಿಂತ ಹೆಚ್ಚು ಸಾಮರ್ಥ್ಯವಿದೆ. ಹಾಗಿದ್ದೂ ದಿನಕ್ಕೆ ಹೊರಡುತ್ತಿರುವುದು 87.

ಮೊದಲು ಮಾಡಿದ ತಪ್ಪು

ಮಾಲು ತಡವಾದಾಗ ಮೊದಲು ಹೊಳೆಯುವ ಉಪಾಯ ಎಂದರೆ ಕೆಲಸವನ್ನು ಬೇಗ ಶುರು ಮಾಡುವುದು. ಇಲ್ಲೂ ಅದನ್ನೇ ಮಾಡಿದರು. ಲೇತ್‌ಗಳಿಗೆ ಹೆಚ್ಚು ಕೆಲಸ ಕೊಟ್ಟು, ದಿನಕ್ಕೆ 112 ಬಿಲ್ಲೆಗಳನ್ನು ಒಳಗೆ ಬಿಡತೊಡಗಿದರು. ಲೇತ್ ನಡೆಸುವವರಿಗೆ ಜಾಬಿನ ಎಣಿಕೆಯ ಮೇಲೆ ಪ್ರೋತ್ಸಾಹಧನ ಇತ್ತು. ಹಾಗಾಗಿ ಅವರೂ ಹುರುಪಿನಿಂದಲೇ ಮಾಡಿದರು, ಅದರಲ್ಲೂ ಸೆಟ್ಟಿಂಗ್ ಬದಲಿಸಬೇಕಿಲ್ಲದ ಎ ಮಾದರಿಯನ್ನೇ ಹೆಚ್ಚು ಮಾಡಿದರು.

ಆದರೆ ವಿಎಂಸಿ ದಿನಕ್ಕೆ ನುಂಗುತ್ತಿದ್ದುದು 92. ದಿನಕ್ಕೆ 20 ಜಾಬು ಅದರ ಮುಂದೆ ಉಳಿಯುತ್ತ ಹೋಯಿತು. 17 ಕೆಲಸದ ದಿನಗಳಲ್ಲಿ ಒಳಗಿದ್ದ ಅರೆಮುಗಿದ ಮಾಲು 1,400ರಿಂದ 1,740ಕ್ಕೆ ಏರಿತು. ಹೊರಡುವ ಸಂಖ್ಯೆ ಒಂದೂ ಹೆಚ್ಚಲಿಲ್ಲ.

ಇದರ ಪರಿಣಾಮ ಹೇಳುವ ಸೂತ್ರವನ್ನು ಜಾನ್ ಲಿಟಲ್ 1961ರಲ್ಲಿ ಗಣಿತವಾಗಿ ಸಾಧಿಸಿ ತೋರಿಸಿದರು. ವ್ಯವಸ್ಥೆಯೊಳಗಿರುವ ವಸ್ತುಗಳ ಸಂಖ್ಯೆ, ಹೊರಹೋಗುವ ವೇಗ ಮತ್ತು ಒಂದು ವಸ್ತು ಒಳಗೆ ಕಳೆಯುವ ಕಾಲ ಇವುಗಳ ಗುಣಲಬ್ಧಕ್ಕೆ ಸಮ. ತಿರುಗಿಸಿ ಬರೆದರೆ, ಕಾಲ ಎಂದರೆ ಒಳಗಿನ ಸಂಖ್ಯೆಯನ್ನು ವೇಗದಿಂದ ಭಾಗಿಸಿದ್ದು. ಹೀಗೆ ಮಾಡುವ ಮುಂಚೆ 1,400 ಭಾಗಿಸು 87, ಅಂದರೆ 16 ದಿನ. ಮಾಡಿದ ಮೇಲೆ 1,740 ಭಾಗಿಸು 87, ಸರಿಯಾಗಿ 20 ದಿನ. ಹೆಚ್ಚು ದುಡಿದು 4 ದಿನ ತಡ ಮಾಡಿಕೊಂಡ ಹಾಗಾಯಿತು. ಈ ಸೂತ್ರಕ್ಕೆ ಯಂತ್ರದ ಜಾತಿ, ಕೆಲಸದ ಬಗೆ ಯಾವುದೂ ಬೇಕಿಲ್ಲ. ಬಹುಕಾಲದ ಸರಾಸರಿ ಹಿಡಿದರೆ ಸಾಕು. ಕಾರ್ಯಾಚರಣೆಯ ಪಾಠದಲ್ಲಿ ಒಂದೇ ಒಂದು ಸೂತ್ರ ನೆನಪಿಡಬೇಕೆಂದರೆ ಇದನ್ನೇ ಇಡಿ ಎನ್ನುತ್ತೇವೆ.

ಇನ್ನೊಂದು ಲೆಕ್ಕ. ಒಂದು ಜಾಬಿಗೆ ನಿಜವಾಗಿ ಕೆಲಸ ನಡೆಯುವ ಸಮಯವನ್ನು ಕೂಡಿಸಿ: 6, 3.5, 5, ಓವನ್‌ನ 60, 2.8. ಒಟ್ಟು 77.3 ನಿಮಿಷ. ಅದು ಒಳಗೆ ಕಳೆಯುವುದು 20 ದಿನ, ಅಂದರೆ 8,400 ಕೆಲಸದ ನಿಮಿಷ. ನೂರರಲ್ಲಿ ಒಂದು ಪಾಲೂ ಕೆಲಸವಿಲ್ಲ, ಉಳಿದದ್ದೆಲ್ಲ ಕಾಯುವಿಕೆ. ಹಾಗಿರುವಾಗ ಲೇತ್‌ನ 6 ನಿಮಿಷವನ್ನು 5ಕ್ಕೆ ಇಳಿಸಲು ಹೆಣಗುವುದರಿಂದ ಗಿರಾಕಿಗೆ ಏನೂ ಸಿಗುವುದಿಲ್ಲ.

ಎಲ್ಲಿ ಸಿಕ್ಕಿಕೊಂಡಿದೆ?

1,740 ಜಾಬುಗಳನ್ನು ಎಣಿಸಿ, ಎಲ್ಲಿವೆ ಎಂದು ನೆಲದ ನಕ್ಷೆಯ ಮೇಲೆ ಬರೆದಾಗ ವಿಎಂಸಿ ಮುಂದೆಯೇ 1,100 ಇದ್ದವು. ಲೇತ್ ಬಳಿ 80, ತೊಳೆಯುವಲ್ಲಿ 180, ಪೇಂಟಿನಲ್ಲಿ 220, ತಪಾಸಣೆಯಲ್ಲಿ 160. ಎಣಿಕೆಯನ್ನು ಗಣಕದ ದಾಖಲೆಯಿಂದ ತೆಗೆಯದೆ ನೆಲದ ಮೇಲೆ ನಡೆದೇ ಮಾಡಬೇಕು. ದಾಖಲೆಯಲ್ಲಿ ಮುಗಿದಿರುವ ಜಾಬು ನೆಲದಲ್ಲಿ ತೊಳೆಯಲು ಕಾಯುತ್ತಿರುವುದು ಬಹಳ ಸಾಮಾನ್ಯ.

ವಿಎಂಸಿ ಮುಂದಿನ 1,100ರಲ್ಲಿ 700 ಎ ಮಾದರಿಯವು, ಅಂದರೆ 14 ದಿನದ ಬೇಡಿಕೆ. ಅದೇ ಹೊತ್ತಿಗೆ ಡಿ ಮಾದರಿಯ ಕೊರತೆಯಿಂದ ಆರ್ಡರುಗಳು ನಿಂತಿದ್ದವು. ಒಂದು ಆರ್ಡರಿನಲ್ಲಿ ನಾಲ್ಕೂ ಮಾದರಿ ಇರುತ್ತವೆ. ಎ ತಯಾರಾಗಿ, ಡಿ ಬಾರದಿದ್ದರೆ ಎ ಕೂಡ ಪ್ಯಾಕಿಂಗ್ ಬಳಿ ಕೂತಿರುತ್ತದೆ. ಮುಂದಿನ ಹಂತಗಳು ವಿಎಂಸಿಗಿಂತ ವೇಗವಾಗಿದ್ದೂ ಅಲ್ಲಿ ಮಾಲು ನಿಂತದ್ದಕ್ಕೆ ಒಂದು ಕಾರಣ ಇದು. ಇನ್ನೊಂದು ಕಾರಣ ಓವನ್, ಅದನ್ನು ಮುಂದೆ ನೋಡೋಣ.

120 ಮಾಡಬಲ್ಲ ವಿಎಂಸಿ 92 ಮಾಡುತ್ತಿದೆ ಏಕೆ? ಅದರ ಪಕ್ಕದಲ್ಲಿ ಒಂದು ಹಾಳೆ ನೇತುಹಾಕಿ, ಯಂತ್ರ ನಿಂತಾಗಲೆಲ್ಲ ಎಷ್ಟು ಹೊತ್ತಿಗೆ ನಿಂತಿತು, ಎಷ್ಟು ಹೊತ್ತಿಗೆ ಓಡಿತು, ಯಾಕೆ ಎಂದು ನಡೆಸುವವರೇ ಬರೆಯಬೇಕೆಂದು ಗೊತ್ತುಮಾಡಲಾಯಿತು. 4 ದಿನಕ್ಕೊಂದು ಚಕ್ರದಲ್ಲಿ ನಾಲ್ಕೂ ಮಾದರಿ ಒಮ್ಮೆ ಓಡುತ್ತಿದ್ದವು: ಎ 2 ದಿನ, ಬಿ 1 ದಿನ, ಸಿ ಮತ್ತು ಡಿ ಸೇರಿ 1 ದಿನ. ಹಾಗಾಗಿ ಹಾಳೆಯನ್ನು ಕನಿಷ್ಠ ಎರಡು ಚಕ್ರ ಇಡಬೇಕಿತ್ತು. ಒಂದೇ ದಿನ ನೋಡಿದ್ದರೆ ರೋಗ ತಪ್ಪಿಹೋಗುತ್ತಿತ್ತು, ಯಾಕೆಂದು ಈಗಲೇ ತಿಳಿಯುತ್ತದೆ.

ಒಂದು ಚಕ್ರದಲ್ಲಿ 1,680 ನಿಮಿಷ. 4 ಸೆಟ್ಟಿಂಗ್, ಒಂದೊಂದಕ್ಕೆ 70 ನಿಮಿಷ, ಒಟ್ಟು 280. ಉಳಿದದ್ದು 1,400, ಅಂದರೆ ಸರಿಯಾಗಿ 400 ಜಾಬು, ದಿನಕ್ಕೆ 100. ಬೇಡಿಕೆಗೆ ಸಮ, ಒಂದು ನಿಮಿಷವೂ ಮಿಗತೆಯಿಲ್ಲ. ಅದರ ಮೇಲೆ ಟ್ಯಾಪ್ ಮುರಿದು 112 ನಿಮಿಷ ಹೋಗುತ್ತಿತ್ತು. ಉಳಿದ 1,288 ನಿಮಿಷಕ್ಕೆ 368 ಜಾಬು, ದಿನಕ್ಕೆ 92. ಕೊನೆಯ ತಪಾಸಣೆಯಲ್ಲಿ ದಿನಕ್ಕೆ 5 ರಿಜೆಕ್ಟ್. ಹೊರಟದ್ದು 87.

ಈ ಯಂತ್ರ ಒಂದು ತಾಸು ನಿಂತರೆ ಇಡೀ ಘಟಕಕ್ಕೆ 17 ಫ್ಲೇಂಜ್ ಹೋದಂತೆ. ಒಂದು ಲೇತ್ ಒಂದು ತಾಸು ನಿಂತರೆ ಹೊರಡುವ ಮಾಲಿನಲ್ಲಿ ಒಂದೂ ಕಡಿಮೆಯಾಗುವುದಿಲ್ಲ. ಇಕ್ಕಟ್ಟಿನ ಜಾಗ ಎಂದರೆ ಇದು, ಇಂಗ್ಲಿಷಿನವರ ಬಾಟಲ್‌ನೆಕ್. ಎರಡೂ ನಿಮಿಷಕ್ಕೆ ಒಂದೇ ಬೆಲೆ ಕಟ್ಟುವ ವರದಿಗಳು ಕಣ್ಣಿಗೆ ಮಣ್ಣೆರಚುತ್ತವೆ. ಈ ಘಟಕದ ದಿನವಹಿ ವರದಿಯಲ್ಲಿ ಲೇತ್‌ಗಳ ದಕ್ಷತೆ ಮೊದಲ ಸಾಲಿನಲ್ಲಿತ್ತು. ವಿಎಂಸಿ ನಿಂತ ಸಮಯಕ್ಕೆ ಅಂಕಣವೇ ಇರಲಿಲ್ಲ.

ಟ್ಯಾಪ್ ಮುರಿಯುವುದರ ಹಿಂದೆ

ಹಾಳೆಯಲ್ಲಿ ಟ್ಯಾಪ್ ಮುರಿದ ನಮೂದುಗಳು ಚಕ್ರಕ್ಕೆ 4, ಒಂದೊಂದಕ್ಕೆ ಸುಮಾರು 28 ನಿಮಿಷ: ಮುರಿದ ತುಂಡು ತೆಗೆಯುವುದು, ಹೊಸ ಟ್ಯಾಪ್ ಹಾಕಿ ಉದ್ದ ಹೊಂದಿಸುವುದು, ಮತ್ತೆ ಶುರು ಮಾಡುವುದು. ನಾಲ್ಕೂ ಬಿದ್ದದ್ದು ಸಿ, ಡಿ ಓಡುವ ದಿನ. ಎ, ಬಿ ದಿನಗಳಲ್ಲಿ ಒಂದೂ ಇಲ್ಲ. ಸರಾಸರಿ ತೆಗೆದು ದಿನಕ್ಕೆ ಒಂದು ಎಂದು ಬರೆದಿದ್ದರೆ ಈ ಸುಳಿವೇ ಅಳಿಸಿಹೋಗುತ್ತಿತ್ತು.

ಎ, ಬಿಯಲ್ಲಿ ಎಂ8 ದಾರದ ತೂತುಗಳು ಆರಪಾರ. ಸಿ, ಡಿಯಲ್ಲಿ ಅವು ತಳಮುಚ್ಚಿದ ತೂತುಗಳು. ನಾಲ್ಕಕ್ಕೂ ಬಳಸುತ್ತಿದ್ದುದು ಸ್ಪೈರಲ್ ಪಾಯಿಂಟ್ ಟ್ಯಾಪ್. ಇದು ಚೂರುಗಳನ್ನು ಮುಂದಕ್ಕೆ ದೂಡುತ್ತದೆ. ಆರಪಾರ ತೂತಿನಲ್ಲಿ ಅವು ಕೆಳಗೆ ಬಿದ್ದುಹೋಗುತ್ತವೆ, ತಳಮುಚ್ಚಿದ ತೂತಿನಲ್ಲಿ ಹೋಗಲು ಜಾಗವಿಲ್ಲದೆ ತಳದಲ್ಲಿ ಗಟ್ಟಿಯಾಗಿ ತುಂಬಿ ಟ್ಯಾಪನ್ನು ಹಿಡಿದು ಮುರಿಯುತ್ತವೆ. ಅಲ್ಲಿಗೆ ಬೇಕಾದದ್ದು ಚೂರನ್ನು ಮೇಲಕ್ಕೆಳೆಯುವ ಸ್ಪೈರಲ್ ಫ್ಲೂಟ್ ಟ್ಯಾಪ್. ಅದರ ಜೊತೆಗೆ ಎರಡು ಸಂಗತಿ ಪಕ್ಕಾ ಆಗಬೇಕು: ಎಂ8ರ 1.25 ಪಿಚ್‌ಗೆ ಡ್ರಿಲ್ 6.8 ಮಿ.ಮೀ. ಇರಬೇಕು, 16 ಮಿ.ಮೀ. ದಾರ ಬೇಕಿದ್ದರೆ ತೂತು 22 ಮಿ.ಮೀ. ಆಳವಿರಬೇಕು. ಇಷ್ಟಾದ ಮೇಲೆ ಮುರಿಯುವುದು ಚಕ್ರಕ್ಕೆ ಒಂದಕ್ಕಿಳಿಯಿತು. ದಿನಕ್ಕೆ 21 ನಿಮಿಷ ಉಳಿತಾಯ, ಅಂದರೆ 6 ಫ್ಲೇಂಜ್.

ಬಿಸಿ ಜಾಬನ್ನು ಅಳೆದರೆ

ದಿನದ 5 ರಿಜೆಕ್ಟ್‌ಗಳಲ್ಲಿ 3 ಲೇತ್‌ನವು, ಬೇರಿಂಗ್ ಕೂರುವ ಬೋರ್ (ನಡುವಿನ ತೂತು) ಅಳತೆ ತಪ್ಪಿದ್ದು. ಬೋರ್ 52 ಎಚ್7, ಅಂದರೆ 52.000ರಿಂದ 52.030 ಮಿ.ಮೀ. ಒಟ್ಟು 30 ಮೈಕ್ರಾನ್ ಅವಕಾಶ. ಲೇತ್‌ನಿಂದ ಈಗತಾನೇ ತೆಗೆದ ಜಾಬು ಕೋಣೆಗಿಂತ 20 ಡಿಗ್ರಿ ಬಿಸಿ ಇದ್ದರೆ, ಉಕ್ಕಿನ ಹಿಗ್ಗುವಿಕೆಯ ಲೆಕ್ಕದಲ್ಲಿ 52 ಮಿ.ಮೀ. ಬೋರ್ ಸುಮಾರು 12 ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. ನಡೆಸುವವರು ಬೋರ್ ದೊಡ್ಡದಾಯಿತೆಂದು ಆಫ್‌ಸೆಟ್ (ಯಂತ್ರಕ್ಕೆ ಕೊಡುವ ಟೂಲ್ ಸ್ಥಾನದ ತಿದ್ದುಪಡಿ) ಇಳಿಸುತ್ತಾರೆ. ಜಾಬು ತಣಿದ ಮೇಲೆ ಬೋರ್ ಸಣ್ಣದು. ಆಮೇಲೆ ತಣ್ಣಗಿನದನ್ನು ಅಳೆದು ಮತ್ತೆ ಏರಿಸುತ್ತಾರೆ. ಹೀಗೆ ಒಂದೊಂದು ಅಳತೆಗೂ ಆಫ್‌ಸೆಟ್ ಮುಟ್ಟುತ್ತ ಹೋದರೆ ಯಂತ್ರದ ಸಹಜ ಏರಿಳಿತಕ್ಕಿಂತ ಹೆಚ್ಚಿನ ಏರಿಳಿತವನ್ನು ಕೈಯಾರೆ ತಂದಂತಾಗುತ್ತದೆ. ಗುಣಮಟ್ಟದ ತಜ್ಞ ಡೆಮಿಂಗ್ ಆಲಿಕೆ ಮತ್ತು ಗೋಲಿಯ ಪ್ರಯೋಗದಿಂದ ತೋರಿಸುತ್ತಿದ್ದುದು ಇದನ್ನೇ. ಯಾವ ಏರಿಳಿತ ಸಹಜ, ಯಾವುದಕ್ಕೆ ಬೇರೆ ಕಾರಣವಿದೆ ಎಂದು ಬಿಡಿಸಲು ವಾಲ್ಟರ್ ಶೂಹಾರ್ಟ್ 1924ರಲ್ಲಿ ನಿಯಂತ್ರಣ ನಕ್ಷೆ ಹಾಕಿಕೊಟ್ಟದ್ದೂ ಇದಕ್ಕಾಗಿಯೇ.

ಇಲ್ಲಿ ಮಾಡಿದ್ದು: ಜಾಬು ಕೋಣೆಯ ತಾಪಕ್ಕೆ ಬಂದ ಮೇಲೆ ಅಳೆಯುವುದು, ಸತತ 5 ಜಾಬಿನ ಸರಾಸರಿ ನೋಡದೆ ಆಫ್‌ಸೆಟ್ ಮುಟ್ಟದಿರುವುದು. ಅದಕ್ಕಿಂತ ಮುಖ್ಯವಾಗಿ, ವಿಎಂಸಿಗೆ ಏರುವ ಮುಂಚೆ ಪ್ರತಿ ಬೋರನ್ನೂ ಗೋ, ನೋ-ಗೋ ಪ್ಲಗ್ ಗೇಜ್‌ನಿಂದ (ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ಹೋಗಬಾರದು) ನೋಡುವುದು. ಒಂದು ಜಾಬಿಗೆ ಹತ್ತು ಸೆಕೆಂಡಿನ ಕೆಲಸ. ಕೆಟ್ಟ ಬೋರ್ ಹೇಗೂ ರಿಜೆಕ್ಟ್ ಆಗುತ್ತದೆ. ಅದು ವಿಎಂಸಿಯ 3.5 ನಿಮಿಷ ತಿಂದು ರಿಜೆಕ್ಟ್ ಆಗಬೇಕೋ, ತಿನ್ನದೆ ಆಗಬೇಕೋ ಎಂಬುದಷ್ಟೇ ಪ್ರಶ್ನೆ. ತಪಾಸಣೆಯನ್ನು ಇಕ್ಕಟ್ಟಿನ ಹಿಂದೆ ಇಡದೆ ಮುಂದೆ ಇಟ್ಟದ್ದರಿಂದ ದಿನಕ್ಕೆ 3 ಒಳ್ಳೆಯ ಜಾಬು ಸಿಕ್ಕವು.

70 ನಿಮಿಷದ ಸೆಟ್ಟಿಂಗ್ 22 ಆದದ್ದು

ಅತಿ ಹೆಚ್ಚು ಸಿಕ್ಕಿದ್ದು ಇಲ್ಲಿ. ಒಂದು ಸೆಟ್ಟಿಂಗನ್ನು ಮೊದಲಿಂದ ಕೊನೆಯವರೆಗೆ ವಿಡಿಯೊ ತೆಗೆದು, ನಡೆಸುವವರನ್ನೇ ಕೂರಿಸಿಕೊಂಡು ಬಿಡಿಸಿದಾಗ ಹೀಗೆ ಕಂಡಿತು: ಸ್ಟೋರ್‌ನಿಂದ ಫಿಕ್ಸ್ಚರ್ (ಜಾಬನ್ನು ಹಿಡಿದಿಡುವ ಸಾಧನ) ತರಲು 12 ನಿಮಿಷ, ಬೋಲ್ಟು, ಸ್ಪ್ಯಾನರ್, ಟೂಲ್ ಹುಡುಕಲು 9, ಟೇಬಲ್ ಒರೆಸಿ ಫಿಕ್ಸ್ಚರ್ ಕಟ್ಟಲು 14, ಡಯಲ್ ಹಿಡಿದು ನೇರ ಮಾಡಲು 13, ಟೂಲ್ ಆಫ್‌ಸೆಟ್‌ಗೆ 10, ಪ್ರೋಗ್ರಾಂಗೆ 2, ಮೊದಲ ಜಾಬಿನ ತಪಾಸಣೆಗೆ 10.

ಜಪಾನಿನ ಎಂಜಿನಿಯರ್ ಶಿಗಿಯೊ ಶಿಂಗೊ ಹೇಳಿಕೊಟ್ಟ ದಾರಿ ಸರಳ. ಯಂತ್ರ ನಿಂತಿದ್ದಾಗಲೇ ಮಾಡಬೇಕಾದದ್ದು ಯಾವುದು, ಓಡುತ್ತಿರುವಾಗಲೂ ಮಾಡಬಹುದಾದದ್ದು ಯಾವುದು ಎಂದು ಮೊದಲು ಬೇರ್ಪಡಿಸಬೇಕು. ತರುವ 12, ಹುಡುಕುವ 9 ಎರಡೂ ಯಂತ್ರ ಓಡುವಾಗಲೇ ಮುಗಿಯುವಂಥವು. ಪ್ರತಿ ಮಾದರಿಗೂ ಒಂದು ಟ್ರಾಲಿ ಮಾಡಿ, ಫಿಕ್ಸ್ಚರ್, ಬೋಲ್ಟು, ಟೂಲ್, ಗೇಜ್ ಎಲ್ಲವನ್ನೂ ಅವುಗಳ ಆಕಾರ ಬರೆದ ಹಲಗೆಯ ಮೇಲೆ ಇಟ್ಟರು. ಖಾಲಿ ಆಕಾರ ಕಂಡರೆ ಏನು ಕಾಣೆಯಾಗಿದೆ ಎಂದು ದೂರದಿಂದಲೇ ಗೊತ್ತಾಗುತ್ತದೆ. ಅಷ್ಟರಿಂದಲೇ 70 ಇದ್ದದ್ದು 49ಕ್ಕೆ ಇಳಿಯಿತು. ಹೊಸದಾಗಿ ಏನನ್ನೂ ಕೊಳ್ಳಬೇಕಾಗಲಿಲ್ಲ.

ಉಳಿದದ್ದಕ್ಕೆ ಸ್ವಲ್ಪ ಯಂತ್ರದ ಕೆಲಸ ಬೇಕಾಯಿತು. ಟೇಬಲ್ ಮೇಲೆ ಒಂದು ಶಾಶ್ವತ ತಳಹಲಗೆ ಕೂರಿಸಿ, ಅದಕ್ಕೆ ಎರಡು ಡವೆಲ್ ಪಿನ್ ಕೊಟ್ಟರು. ನಾಲ್ಕೂ ಫಿಕ್ಸ್ಚರ್ ಅದೇ ಪಿನ್ನಿನ ಮೇಲೆ ಕೂರುತ್ತವೆ. ನೇರ ಮಾಡುವ 13 ನಿಮಿಷ ಬರೀ ಪರಿಶೀಲನೆಯ 3 ಆಯಿತು, ಕಟ್ಟುವ 14 ನಿಮಿಷ 8 ಆಯಿತು. ಟೂಲ್‌ಗಳ ಉದ್ದವನ್ನು ಹೊರಗೇ ಅಳೆದು ಬರೆದಿಟ್ಟರೆ ಆಫ್‌ಸೆಟ್‌ಗೆ 4 ಸಾಕು. ಪ್ರೋಗ್ರಾಂ 2. ತಪಾಸಕರಿಗೆ 10 ನಿಮಿಷ ಮುಂಚೆಯೇ ಸೂಚನೆ ಹೋದರೆ ಮೊದಲ ಜಾಬಿಗೆ 5. ಒಟ್ಟು 22.

ಇಲ್ಲೊಂದು ಅಪಾಯವಿದೆ. ಸೆಟ್ಟಿಂಗ್ ಸಮಯ ಕಡಿಮೆ ತೋರಿಸುವ ಆಸೆಗೆ ಮೊದಲ ಜಾಬಿನ ತಪಾಸಣೆಯನ್ನೇ ಬಿಟ್ಟುಬಿಡುವವರಿದ್ದಾರೆ. ಆ 5 ನಿಮಿಷಕ್ಕೆ ಕೈಹಾಕಬಾರದು. ಫಿಕ್ಸ್ಚರ್ ತಳಕ್ಕೆ ಒಂದು ಚೂರು ಸಿಕ್ಕಿಕೊಂಡರೂ ಇಡೀ ಬ್ಯಾಚಿನ ತೂತುಗಳ ಸ್ಥಾನ ಸರಿದಿರುತ್ತದೆ.

ಉಳಿದ ಸಮಯವನ್ನು ಏನು ಮಾಡುವುದು

ದಿನಕ್ಕೆ 48 ನಿಮಿಷ ಉಳಿಯಿತು. ಅದನ್ನು ಹೆಚ್ಚು ಜಾಬು ಮಾಡಲು ಬಳಸಬಹುದು, ಇಲ್ಲವೇ ಹೆಚ್ಚು ಸಲ ಸೆಟ್ಟಿಂಗ್ ಬದಲಿಸಿ ಬ್ಯಾಚ್ ಚಿಕ್ಕದು ಮಾಡಬಹುದು. ಬ್ಯಾಚ್ ಚಿಕ್ಕದಾದಷ್ಟೂ ಡಿ ಮಾದರಿಗೆ ಕಾಯುವುದು ಕಡಿಮೆ.

ಬ್ಯಾಚ್ ಗಾತ್ರದ ಹಳೆಯ ಸೂತ್ರ 1913ರ ಫೋರ್ಡ್ ಹ್ಯಾರಿಸ್ ಅವರದು. ಅದರ ಪ್ರಕಾರ ಗಾತ್ರವು ಸೆಟ್ಟಿಂಗ್ ವೆಚ್ಚದ ವರ್ಗಮೂಲದಂತೆ ಇಳಿಯುತ್ತದೆ. 22ನ್ನು 70ರಿಂದ ಭಾಗಿಸಿದರೆ 0.314, ಅದರ ವರ್ಗಮೂಲ 0.56. ಹಿಂದಿನ 4 ದಿನದ ಚಕ್ರ ಸರಿಯಾಗಿತ್ತೆಂದು ಹಿಡಿದರೆ ಹೊಸ ಚಕ್ರ 2.24 ದಿನ. ಆದರೆ ಈ ಸೂತ್ರಕ್ಕೆ ಸಾಮರ್ಥ್ಯದ ಮಿತಿ ಗೊತ್ತಿಲ್ಲ. ಸೆಟ್ಟಿಂಗ್ ಮಾಡುವ ಯಂತ್ರವೇ ಇಕ್ಕಟ್ಟಿನ ಜಾಗವಾದಾಗ ಇದನ್ನು ಕಣ್ಣುಮುಚ್ಚಿ ನಂಬಬಾರದು. ಲೆಕ್ಕ ಹಾಕೋಣ. ಹೊಸ ಟ್ಯಾಪ್ ಬಂದ ಮೇಲಿನ ನಷ್ಟ, ವಿಎಂಸಿಯ ದಿನಕ್ಕೊಂದು ರಿಜೆಕ್ಟ್ ಎಲ್ಲ ಕಳೆದರೆ 4 ದಿನದ ಚಕ್ರದಲ್ಲಿ ದಿನಕ್ಕೆ 110 ಒಳ್ಳೆಯ ಜಾಬು, 3 ದಿನದ್ದರಲ್ಲಿ 108, 2 ದಿನದ್ದರಲ್ಲಿ 104.

ಬೇಡಿಕೆ 100 ಇರುವಾಗ 104 ಸಾಕಲ್ಲವೇ ಎನಿಸುತ್ತದೆ. ಸಾಲದು. ಯಂತ್ರ ಎಷ್ಟು ಪಾಲು ತುಂಬಿದೆ ಎಂಬುದನ್ನು ಉಳಿದ ಖಾಲಿ ಪಾಲಿನಿಂದ ಭಾಗಿಸಿ ನೋಡಿ. ಸರತಿಯಲ್ಲಿ ಕಾಯುವ ಸಮಯ ಅದರಂತೆ ಬೆಳೆಯುತ್ತದೆ. ಜಾನ್ ಕಿಂಗ್‌ಮನ್ 1961ರಲ್ಲಿ ಕೊಟ್ಟ ಅಂದಾಜಿನ ತಿರುಳು ಇದು. 110ಕ್ಕೆ 100 ಎಂದರೆ ಶೇ. 91 ತುಂಬಿದಂತೆ, ಗುಣಕ 10. 108ಕ್ಕೆ ಗುಣಕ 12.5. 104ಕ್ಕೆ 25. ಸಾಮರ್ಥ್ಯದಲ್ಲಿ 4 ಜಾಬಿನ ವ್ಯತ್ಯಾಸಕ್ಕೆ ಕಾಯುವಿಕೆ ಇಮ್ಮಡಿ. ಹಾಗಾಗಿ 3 ದಿನದ ಚಕ್ರವೇ ಸರಿ ಎಂದು ತೀರ್ಮಾನವಾಯಿತು. ಶೇ. 100 ಯಂತ್ರ ಓಡಿಸುವುದೇ ಜಾಣತನ ಎನ್ನುವವರಿಗೆ ಈ ಮೂರು ಗುಣಕಗಳನ್ನು ತೋರಿಸಿದರೆ ಸಾಕು.

ಲೇತ್‌ಗೆ ಹಗ್ಗ ಕಟ್ಟಿದ್ದು

ಸಾಮರ್ಥ್ಯ ಸಿಕ್ಕಿತು, ರಾಶಿ ಮಾತ್ರ ಹಾಗೆಯೇ ಇದೆ. 1,740 ಒಳಗಿದ್ದರೆ 108ರ ವೇಗದಲ್ಲೂ 16 ದಿನ. ಒಳಗೆ ಬಿಡುವುದನ್ನೇ ಹಿಡಿಯಬೇಕು.

20 ಜಾಬಿನ ಒಂದು ಟ್ರಾಲಿಗೆ ಒಂದು ಕಾರ್ಡ್, ಒಟ್ಟು 25 ಕಾರ್ಡ್, ಅಂದರೆ ಒಳಗೆ 500 ಜಾಬಿಗಿಂತ ಹೆಚ್ಚಿಲ್ಲ. ಪ್ಯಾಕಿಂಗ್‌ನಿಂದ ಟ್ರಾಲಿ ಖಾಲಿಯಾಗಿ ಕಾರ್ಡ್ ಹಿಂದಿರುಗಿದರೆ ಮಾತ್ರ ಲೇತ್‌ಗೆ ಹೊಸ ಬಿಲ್ಲೆ. ವಿಎಂಸಿ ಮುಂದೆ ಒಂದೂವರೆ ದಿನದ ಕೆಲಸ, 150 ಜಾಬು, ಯಾವಾಗಲೂ ಇರಬೇಕು. ಹಿಂದೆ ಏನೇ ಕೆಟ್ಟರೂ ಅದು ಹಸಿದು ನಿಲ್ಲಬಾರದು.

ರಾಶಿ ಕರಗಿಸಲು ಮೊದಲ 13 ದಿನ ಲೇತ್‌ಗಳಲ್ಲಿ ಎ ಮಾದರಿಯನ್ನೇ ಮಾಡಲಿಲ್ಲ. ಬಿ, ಸಿ, ಡಿ ಸೇರಿ ದಿನಕ್ಕೆ 50 ಮಾತ್ರ ಒಳಗೆ, ಬಾಕಿ ಆರ್ಡರುಗಳಿಗೆ 108 ಹೊರಗೆ. ದಿನಕ್ಕೆ 58ರಂತೆ 754 ಕರಗಿ 986 ಉಳಿಯಿತು. ಆಮೇಲೆ ದಿನಕ್ಕೆ 90 ಬಿಟ್ಟು ಇನ್ನೊಂದು 27 ದಿನ. ಒಟ್ಟು 40 ಕೆಲಸದ ದಿನ ಹಿಡಿಯಿತು.

ಈ 40 ದಿನ ತಾಂತ್ರಿಕವಾಗಿ ಸುಲಭ, ಮನುಷ್ಯರಿಗೆ ಕಷ್ಟ. ಲೇತ್ ನಡೆಸುವವರು ಅರ್ಧ ದಿನ ಕೆಲಸವಿಲ್ಲದೆ ನಿಲ್ಲಬೇಕು, ಜಾಬಿನ ಎಣಿಕೆಗೆ ಸಿಗುವ ಹಣ ಕೈತಪ್ಪುತ್ತದೆ. ಅದನ್ನು ಸರಿಪಡಿಸದೆ ಕಾರ್ಡ್ ಹಾಕಿದರೆ ಅವರು ಕಾರ್ಡ್ ಇಲ್ಲದೆಯೂ ಜಾಬು ಮಾಡಿಡುತ್ತಾರೆ, ಅದು ಅವರ ತಪ್ಪಲ್ಲ. ಹಾಗಾಗಿ ಮೊದಲೇ ಪ್ರೋತ್ಸಾಹಧನವನ್ನು ಘಟಕದಿಂದ ಪೂರ್ತಿಯಾಗಿ ಹೊರಟ ಆರ್ಡರುಗಳ ಮೇಲೆ, ಎಲ್ಲರಿಗೂ ಸಮನಾಗಿ ಕಟ್ಟಲಾಯಿತು. ಖಾಲಿ ಸಮಯಕ್ಕೆ ಪ್ಲಗ್ ಗೇಜ್ ತಪಾಸಣೆ, ವಿಎಂಸಿಯ ಮುಂದಿನ ಸೆಟ್ಟಿಂಗ್‌ನ ಟ್ರಾಲಿ ಸಿದ್ಧಪಡಿಸುವುದು ಅವರ ಪಾಲಿಗೆ ಬಂತು.

ಕಾರ್ಡಿನಲ್ಲಿ ಮೊದಲು ಒಂದು ಎಡವಟ್ಟಾಯಿತು. ಕಾರ್ಡುಗಳಿಗೆ ಮಾದರಿ ಬರೆದಿರಲಿಲ್ಲ. ಹಳೆಯ ಅಭ್ಯಾಸದಿಂದ ಅವೆಲ್ಲ ಎ ಟ್ರಾಲಿಗಳಿಗೇ ಹೋದವು. ಸಿ ಸೆಟ್ಟಿಂಗ್ ಆಗಿ ನಿಂತ ವಿಎಂಸಿಗೆ ಸಿ ಜಾಬೇ ಇಲ್ಲ. ಸುತ್ತಲೂ ಮಾಲಿದ್ದೂ 40 ನಿಮಿಷ ನಿಂತಿತು. ಆಮೇಲೆ ಬಣ್ಣ ಕೊಟ್ಟು ಹಂಚಿದರು: ಎ 10, ಬಿ 6, ಸಿ 5, ಡಿ 4. ಬೇಡಿಕೆಯ ಪ್ರಮಾಣ ನೋಡಿದರೆ ಎಗೆ 12, ಡಿಗೆ 2 ಬರಬೇಕಿತ್ತು. ಆದರೆ ಎ ಅರ್ಧ ಕಾಲ ಓಡುತ್ತಲೇ ಇರುತ್ತದೆ, ಅದಕ್ಕೆ ಕಡಿಮೆ ಸಾಕು. 3 ದಿನಕ್ಕೊಮ್ಮೆ ಬರುವ ಡಿಗೆ ಒಂದು ಚಕ್ರಕ್ಕೆ ಬೇಕಾದದ್ದು 30 ಜಾಬು, ಅಂದರೆ ಒಂದೂವರೆ ಟ್ರಾಲಿ, ಕಾರ್ಡಿನಲ್ಲಿ ಅದು 2 ಆಗಿಬಿಡುತ್ತದೆ. ಹಿಂದಿನ ಚಕ್ರದ್ದು ಇನ್ನೂ ಪ್ಯಾಕಿಂಗ್‌ನಲ್ಲಿರುವಾಗಲೇ ಮುಂದಿನದ್ದು ಲೇತ್‌ಗೆ ಹೋಗಬೇಕು, ಹಾಗಾಗಿ 4.

ಓವನ್‌ನ ವಿಷಯ. ಅದರಲ್ಲಿ 24 ಹಿಡಿಯುತ್ತದೆ, ಟ್ರಾಲಿಯಲ್ಲಿರುವುದು 20. ಪೂರ್ತಿ ತುಂಬಲೆಂದು ಮುಂದಿನ ಟ್ರಾಲಿಗೆ ಕಾದು, ಅದರಿಂದ 4 ತೆಗೆದು, ಉಳಿದ 16ನ್ನು ಬದಿಗಿಡುತ್ತಿದ್ದರು. ಮಾದರಿಗಳು ಬೆರೆಯುತ್ತಿದ್ದವು, ಒಡೆದ ಟ್ರಾಲಿಗಳು ಪೇಂಟಿನಲ್ಲಿ 220 ಜಾಬಿನ ರಾಶಿ ಮಾಡಿದ್ದವು. ಈಗ ಒಂದು ಟ್ರಾಲಿ, ಒಂದು ಓವನ್. 4 ಜಾಗ ಖಾಲಿ ಹೋಗುತ್ತವೆ, ಹೋಗಲಿ. ದಿನಕ್ಕೆ 7 ಸಲಕ್ಕೆ 140 ಆಗುತ್ತದೆ, ಬೇಕಾದದ್ದಕ್ಕಿಂತ ಧಾರಾಳ.

ಕೊನೆಯ ಕಟ್ಟುಪಾಡು ತುರ್ತು ಆರ್ಡರಿನದು. ಓಡುತ್ತಿರುವ ಮಾದರಿ ನಿಲ್ಲಿಸಿ ಇನ್ನೊಂದನ್ನು ತೂರಿಸಿದರೆ ಎರಡು ಹೆಚ್ಚುವರಿ ಸೆಟ್ಟಿಂಗ್. ಹಿಂದೆ ಅದಕ್ಕೆ 140 ನಿಮಿಷ, 40 ಫ್ಲೇಂಜ್ ತೆರಬೇಕಿತ್ತು. ಈಗ 44 ನಿಮಿಷ, 12 ಫ್ಲೇಂಜ್. ಕಡಿಮೆಯಾಗಿದೆ, ಪುಕ್ಕಟೆಯಾಗಿಲ್ಲ. ತುರ್ತು ಎಂದು ಕೇಳುವವರಿಗೆ ಆ 12 ಯಾವ ಆರ್ಡರಿನಿಂದ ಹೋಗುತ್ತದೆ ಎಂದು ಕೇಳುವುದು ನಿಯಮವಾಯಿತು.

ಈಗ ಒಳಗೆ 500, ಹೊರಗೆ ದಿನಕ್ಕೆ 100, ಅಂದರೆ 5 ದಿನ. ತನ್ನ ಮಾದರಿಯ ಸರದಿಗೆ ಗರಿಷ್ಠ 3 ದಿನ ಕಾದರೂ 8. ಒಪ್ಪಿಕೊಂಡ 10 ದಿನದೊಳಗೆ ಮಾಲು ಹೊರಡುತ್ತದೆ.

ಬೇಡಿಕೆ 110 ದಾಟಿದರೆ?

ಆಗ 3 ದಿನದ ಚಕ್ರದ 108 ಸಾಲದು. 4 ದಿನಕ್ಕೆ ಹಿಂದಿರುಗಿದರೂ 110, ಗುಣಕಕ್ಕೆ ಮಿತಿಯೇ ಇಲ್ಲ. ಸೆಟ್ಟಿಂಗ್‌ನಲ್ಲಿ ಹಿಂಡಲು ಹೆಚ್ಚು ಉಳಿದಿಲ್ಲ. ಮುಂದಿನ ಉಳಿತಾಯ 3.5 ನಿಮಿಷದೊಳಗೇ ಇದೆ. ಅದರಲ್ಲಿ ಸುಮಾರು 40 ಸೆಕೆಂಡು ಯಂತ್ರ ನಿಂತಿದ್ದು, ಕೈಯಿಂದ ಜಾಬು ಇಳಿಸಿ ಏರಿಸುವ ಸಮಯ. ಎರಡು ಪ್ಯಾಲೆಟ್ ಬದಲಾಗುವ ವ್ಯವಸ್ಥೆ ಹಾಕಿ, ಒಂದು ಕೊರೆಯುತ್ತಿರುವಾಗ ಇನ್ನೊಂದಕ್ಕೆ ಜಾಬು ಕಟ್ಟಿದರೆ ಜಾಬಿಗೆ 2.9 ನಿಮಿಷ, ದಿನಕ್ಕೆ 131. ಅಲ್ಲಿಗೆ ವಿಎಂಸಿ ಲೇತ್‌ಗಳ 130ನ್ನು ದಾಟುತ್ತದೆ. ಇಕ್ಕಟ್ಟು ಮೊದಲ ಹಂತಕ್ಕೆ ಸರಿಯುತ್ತದೆ, ವಿಎಂಸಿ ಮುಂದಿನ 150 ಜಾಬಿನ ಕಾಯ್ದಿರಿಕೆಗೆ ಅರ್ಥವಿರುವುದಿಲ್ಲ, ಕಾಯ್ದಿಡಬೇಕಾದದ್ದು ಲೇತ್‌ಗಳ ಮುಂದಿನ ಬಿಲ್ಲೆಗಳನ್ನು. ನಿಂತ ಸಮಯ ಬರೆಯುವ ಹಾಳೆಯನ್ನೂ ಆ ದಿನ ವಿಎಂಸಿ ಪಕ್ಕದಿಂದ ಬಿಚ್ಚಿ ಲೇತ್ ಪಕ್ಕಕ್ಕೆ ನೇತುಹಾಕಬೇಕು.